ಮೆಟ್ಟಿಲ ಕೆಳಗೆ ನಿಂತುಹೋದ ಪತ್ರ

ನೀರು ಪರೀಕ್ಷೆ ಮಾಡುವ ಆ ಲ್ಯಾಬಿನ ಟಪಾಲಪ್ಪ ಒಮ್ಮೆ ಕೀಬೋರ್ಡಿನ ಮೇಲೆ ಸೀನಿದ್ದಕ್ಕೆ ನಲವತ್ತು ಸಾವಿರ ಇಮೇಲ್‌ಗಳು ಏಳು ಸಮುದ್ರ ದಾಟಿ, ಓದಿಸಿಕೊಂಡು, ಉತ್ತರವನ್ನೂ ಹೊತ್ತು, ಅವನು ಮೂಗು ಒರೆಸಿಕೊಳ್ಳುವುದರೊಳಗೆ ವಾಪಸ್ ಬಂದಿದ್ದವು. ನಂಬದವರು ನಂಬದಿರಲಿ. ಹೆದರಿಕೆ ಎಂಬುದು ಅವನ ಓಣಿಯಲ್ಲೇ ಸುಳಿಯುತ್ತಿರಲಿಲ್ಲ. ಸಿಡಿಲು ಬಡಿದರೆ ‘ಯಾರದು, ಆಮೇಲೆ ಬಾ’ ಎನ್ನುವ ಗಂಡು.

ಟಪಾಲಪ್ಪ ಎಂದು ಕರೆದವಳು ಅಲ್ಲಿನ ಕೆಮಿಸ್ಟ್. ಲ್ಯಾಬು ಅವಳ ಸೋದರಮಾವನದು. ನಮ್ಮ ಗಿರಾಕಿಗಳ ನೀರಿನ ಗುಟ್ಟು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಯಾಕಿರಬೇಕು ಎಂಬ ಮಾವನ ಹಟದಿಂದ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೊರಕೆ ಬಕೆಟ್‌ಗಳ ಸಂಗಡ, ಸ್ವಂತದ ಮೇಲ್ ಸರ್ವರ್ ಒಂದು ಹಗಲಿರುಳೂ ಗುಂಯ್‌ಗುಡುತ್ತಿತ್ತು. ಅದರ ಮುಂದೆ, ಅದನ್ನು ನೋಡಿಕೊಳ್ಳುವ ಟಪಾಲಪ್ಪನ ಕುರ್ಚಿ.

ಅವಳು ದಿನಕ್ಕೊಮ್ಮೆಯಾದರೂ ತಲೆ ಬಗ್ಗಿಸಿ ಆ ಗೂಡಿನೊಳಗೆ ಇಣುಕುತ್ತಿದ್ದಳು. ಕೈಯಲ್ಲಿ ಯಾರದೋ ಬಾವಿಯ ನೀರು ತುಂಬಿದ ಗಾಜಿನ ನಳಿಗೆ. ಅದನ್ನು ಬಲ್ಬಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೀರಿನ ಮೂಲಕ ಅವನನ್ನೇ ನೋಡುವಳು. ಆ ಕಣ್ಣು ನೀರಿನಾಚೆ ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

“ಕೆಸರು ಜಾಸ್ತಿ ಇದೆ.”

“ಬಾವೀಲಾ ಮೇಡಂ?”

“ನಿಮ್ಮಲ್ಲಿ. ಏನೋ ತಳದಲ್ಲಿ ಕೂತಿದೆ, ಮೇಲೆ ಬರ್ತಿಲ್ಲ.”

ಅವಳು ಹೋದ ಮೇಲೆ ಟಪಾಲಪ್ಪ ಅರ್ಧ ಗಂಟೆ ಯಾವ ಕೀಲಿಯನ್ನೂ ಒತ್ತುತ್ತಿರಲಿಲ್ಲ. ಹೆದರಿಕೆಯಿಂದಲ್ಲ, ಬಿಡಿ. ಬೆರಳಿಗೆ ವಿಶ್ರಾಂತಿ.

ಒಂದು ಶನಿವಾರ ಲ್ಯಾಬಿಗೆ ಹೊಸ ಇಂಟರ್ನೆಟ್ ಲೈನ್ ಬಂತು. ಲೈನಿನವರು ಏಣಿ ಮಡಚಿಕೊಂಡು ಹೊರಡುತ್ತಿದ್ದಂತೆ ಅವಳು ಗೂಡಿನ ಬಾಗಿಲಿಗೆ ಬಂದು ನಿಂತಳು. ದೂರದೂರಿನ ದೊಡ್ಡ ಲ್ಯಾಬೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಬುಧವಾರ ಸಂಜೆ ಐದರೊಳಗೆ ಇಲ್ಲಿನ ಇಮೇಲಿನಿಂದಲೇ ಉತ್ತರ ಮುಟ್ಟಬೇಕಂತೆ, ಫೋನು ನಡೆಯದಂತೆ. ಮುಟ್ಟದಿದ್ದರೆ ಆ ಜಾಗ ಇನ್ನೊಬ್ಬರಿಗೆ.

“ನೀವೇನಂತೀರಿ?” ಎಂದಳು. ನಳಿಗೆ ಇರಲಿಲ್ಲ. ಎರಡೂ ಕಣ್ಣು ತೆರೆದಿದ್ದವು.

“ಒಳ್ಳೇದಾಯ್ತು ಮೇಡಂ,” ಎಂದ ಟಪಾಲಪ್ಪ. ಅವನ ಎದೆಯೊಳಗೆ ಐಸು ಕಟ್ಟಿತು. ಆ ಚಳಿಯಲ್ಲಿ, ಹೊಸ ಲೈನ್ ಬಂದಾಗ ತಪ್ಪದೆ ಮಾಡಬೇಕಾದ ಒಂದು ಕೆಲಸ ಮರೆತೇಹೋಯಿತು.

ಸೋಮವಾರ ಬೆಳಿಗ್ಗೆಯಿಂದ ಲ್ಯಾಬಿನ ಪತ್ರಗಳು ಹೊರಗೆ ಹೋಗಲಿಲ್ಲ. ಬರುವವು ಬರುತ್ತಿದ್ದವು, ಹೊರಟವು ಮಾತ್ರ ಹೊಸ್ತಿಲಲ್ಲೇ. ಆಚೆ ಕಡೆಯ ಕೆಲವು ಸರ್ವರ್‌ಗಳು ‘ನೀನು ಯಾರೋ ಗೊತ್ತಿಲ್ಲ’ ಎಂದು ಮುಖದ ಮೇಲೆ ಬಾಗಿಲು ಹಾಕಿದವು, ಕೆಲವು ‘ಆಮೇಲೆ ಬಾ’ ಎಂದವು. ಸರದಿಯಲ್ಲಿ ಐವತ್ಮೂರು ಪತ್ರಗಳು ನಿಂತವು. ಐವತ್ಮೂರು ಸಾವಿರ ಎಂದೇ ಇಟ್ಟುಕೊಳ್ಳಿ.

ಅದರಲ್ಲಿ ಒಂಬತ್ತೂಕಾಲಕ್ಕೆ ಬಂದು ನಿಂತದ್ದು ಅವಳದು. ಆ ದೊಡ್ಡ ಲ್ಯಾಬಿನ ವಿಳಾಸಕ್ಕೆ.

ಟಪಾಲಿನವನು ಲಕೋಟೆ ಒಡೆಯಬಾರದು, ಒಡೆಯಲಿಲ್ಲ. ಅಳತೆ ಮಾತ್ರ ಕಂಡಿತು: ಮೂರು ನಾಲ್ಕು ಸಾಲಿರಬಹುದು. ‘ಬರುತ್ತೇನೆ’ ಎನ್ನಲು ಅಷ್ಟು ಧಾರಾಳ.

ಸರ್ವರ್ ಆಗಾಗ ತಾನಾಗಿಯೇ ಆ ಪತ್ರವನ್ನು ಮತ್ತೆ ಕಳಿಸಲು ನೋಡುತ್ತಿತ್ತು. ಪರದೆಯ ಮೇಲೆ ಆ ಸಾಲು ಮೂಡಿದಾಗಲೆಲ್ಲ ಟಪಾಲಪ್ಪ ಕುರ್ಚಿಯ ತುದಿಗೆ ಬರುತ್ತಿದ್ದ. ಪತ್ರ ಹೋಗದಿದ್ದರೆ ಅವಳ ಕೆಲಸ ಹೋಯಿತು, ಹೋದರೆ ಅವಳೇ ಹೋದಳು. ‘ಆಮೇಲೆ ಬಾ’ ಎಂಬ ಉತ್ತರ ಬಂದಾಗ ಉಸಿರು ಬಿಡುವನು. ಉಸಿರು ಬಿಟ್ಟಿದ್ದಕ್ಕೆ ತನ್ನ ಮೇಲೇ ಹೇಸಿಗೆಪಡುವನು.

ಹಾಗೆಂದು ಸುಮ್ಮನೆ ಕೂತನೇ? ಮೂರು ದಿನ ಅನ್ನ ನೀರು ಬಿಟ್ಟು ದೋಷ ಹುಡುಕಿದ. ಸರ್ವರಿನ ದಿನಚರಿಯಾದ ಹತ್ತು ಲಕ್ಷ ಸಾಲಿನ ಲಾಗು ಓದಿದ, ಅದೂ ಹಿಂದಿನಿಂದ ಮುಂದಕ್ಕೆ. ಮಾವ ಗಂಟೆಗೊಮ್ಮೆ ಮೆಟ್ಟಿಲ ಮೇಲಿಂದ, ಏನಪ್ಪ, ನಿನ್ನ ಸರ್ವರ್ರು ಎದ್ದಿತೋ ಇಲ್ಲಾ ಪೊರಕೆ ಜೊತೆ ಅದನ್ನೂ ಗುಡಿಸೋಣವೋ ಎಂದು ಕೇಳುತ್ತಲೇ ಇದ್ದರು.

ಮೇಲಿನ ಕೋಣೆಯಲ್ಲಿ ಅವಳು ಫೋನು ಹಿಡಿದು ಕೂತಿದ್ದಳು. ರಿಪೋರ್ಟು ತಲುಪದ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಅಂಕಿಗಳನ್ನು ಓದಿ ಹೇಳುತ್ತಿದ್ದಳು: ಉಪ್ಪಿನಂಶ ಇಷ್ಟು, ಗಡಸುತನ ಇಷ್ಟು, ಹೌದು ಅಜ್ಜಿ, ಕುದಿಸಿಯೇ ಕುಡಿಯಿರಿ. ಮಂಗಳವಾರ ಆ ದನಿ ಒಡೆಯಿತು. ಬುಧವಾರಕ್ಕೆ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗಾಯಿತು.

ಅಂದು ಮಧ್ಯಾಹ್ನ ಮೂರಕ್ಕೆ ಅವಳು ಕೆಳಗಿಳಿದು ಬಂದಳು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಸೋಮವಾರ ನಂದೂ ಒಂದು ಪತ್ರ ಇತ್ತು,” ಎಂದಳು. ಅರ್ಧ ಮಾತು ಗಂಟಲಲ್ಲೇ ಉಳಿಯಿತು. “ಹೋಗಿದೆ ತಾನೆ?”

ಟಪಾಲಪ್ಪ ‘ಹೋಗಿದೆ’ ಎಂದು ಸುಳ್ಳು ಹೇಳಬಹುದಿತ್ತು. ಎರಡು ಗಂಟೆ ಕಳೆದರೆ ಆ ಕೆಲಸ ಇನ್ನೊಬ್ಬರದಾಗುತ್ತಿತ್ತು, ಇವಳು ಇಲ್ಲೇ ಉಳಿಯುತ್ತಿದ್ದಳು. ಒಡೆದ ಆ ದನಿಗೆ ಮೋಸದ ಮಾತು ಹೊಂದಿಸಲು ಅವನಿಂದ ಆಗಲಿಲ್ಲ.

“ಇಲ್ಲ. ಹೋಗುತ್ತೆ,” ಎಂದ.

ಅವಳು ಬಕೆಟ್ ಒಂದನ್ನು ಬೋರಲು ಹಾಕಿ ಅಲ್ಲೇ ಕೂತಳು.

ಮನೆ ಬದಲಿಸಿದವರು ಹೊಸ ವಿಳಾಸವನ್ನು ನಾಲ್ಕು ಜನಕ್ಕೆ ತಿಳಿಸಬೇಕಲ್ಲ, ಮೇಲ್ ಸರ್ವರ್‌ಗೂ ಹಾಗೇ. ‘ನಮ್ಮ ಹೆಸರಿನ ಪತ್ರ ಈ ವಿಳಾಸದಿಂದ ಹೊರಟಿದ್ದರೆ ಮಾತ್ರ ನಂಬಿ’ ಎಂದು ಲೋಕಕ್ಕೆ ಸಾರುವ ಒಂದು ಸಾಲು ಇರುತ್ತದೆ. ಹೊಸ ಲೈನಿನೊಂದಿಗೆ ವಿಳಾಸ ಬದಲಾಗಿತ್ತು. ಸಾಲಿನಲ್ಲಿ ಹಳೆಯದೇ ಇತ್ತು. ಟಪಾಲಪ್ಪ ಹೊಸದನ್ನು ಸೇರಿಸಿದ ಸಾಲನ್ನು ಹೊರಗೆ ಬಿಟ್ಟ. ಇನ್ನು ಅದು ಆ ದೊಡ್ಡ ಲ್ಯಾಬಿನವರೆಗೆ ತಲುಪಬೇಕು, ಅವರು ನಂಬಬೇಕು.

ನಾಲ್ಕಕ್ಕೆ ಪತ್ರ ತಳ್ಳಿದ. ‘ಆಮೇಲೆ ಬಾ.’

ನಾಲ್ಕೂ ಇಪ್ಪತ್ತಕ್ಕೆ ತಳ್ಳಿದ. ‘ಆಮೇಲೆ ಬಾ.’ ಮೂರು ದಿನ ಅವನಿಗೆ ಉಸಿರು ಕೊಟ್ಟಿದ್ದ ಅದೇ ಮಾತು ಈಗ ಉಸಿರು ಕಟ್ಟಿಸಿತು. ಪಕ್ಕದಲ್ಲಿ ಅವಳು ಉಗುರು ಕಚ್ಚುತ್ತಿದ್ದಳು. ಅವಳ ಮೊಣಕೈ ಅವನ ಮೊಣಕೈಗೆ ತಾಗಿ ನಡುಗುತ್ತಿತ್ತು. ನಡುಗುತ್ತಿದ್ದುದು ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ.

ನಾಲ್ಕೂ ನಲವತ್ತೊಂದಕ್ಕೆ ಆ ದೂರದ ಸರ್ವರ್ ಪತ್ರವನ್ನು ಒಳಗೆ ಕರೆದುಕೊಂಡಿತು.

ಟಪಾಲಪ್ಪ ಎದೆಯುಬ್ಬಿಸಿ ತನ್ನ ಪರಾಕ್ರಮ ವರ್ಣಿಸತೊಡಗಿದ. ಹತ್ತು ಲಕ್ಷ ಸಾಲು, ಮೂರು ದಿನದ ಉಪವಾಸ, ಕಡೆಗೆ ಇಂದು ಮೂರು ಗಂಟೆಗೆ ಮಿಂಚಿನಂತೆ ಹೊಳೆದ ದೋಷ. ಅವಳು ಕೇಳುತ್ತ ಕೇಳುತ್ತ ಪರದೆಯತ್ತ ಬಗ್ಗಿ, ತಿದ್ದಿದ ಕಡತದ ಮುಂದಿದ್ದ ತಾರೀಕಿನ ಮೇಲೆ ಬೆರಳಿಟ್ಟಳು.

“ಇದನ್ನ ತಿದ್ದಿ ಇಟ್ಟಿರೋದು ಸೋಮವಾರ,” ಎಂದಳು. “ಬೆಳಿಗ್ಗೆ ಹತ್ತೂ ಹತ್ತಕ್ಕೆ. ಹೊರಗೆ ಬಿಟ್ಟಿರೋದು ಇವತ್ತು.”

ಸೀನು, ಸಿಡಿಲು, ಹತ್ತು ಲಕ್ಷ ಸಾಲು, ಎಲ್ಲ ಅಲ್ಲಿಗೆ ಬಿತ್ತು. ಇನ್ನು ಅವನು, ಅವನು ಎಂದು ಮರೆಯಲ್ಲಿ ನಿಂತು ಪ್ರಯೋಜನವಿಲ್ಲ. ಆ ಟಪಾಲಪ್ಪ ನಾನೇ. ದೋಷ ಹತ್ತು ನಿಮಿಷದಲ್ಲಿ ಸಿಕ್ಕಿತ್ತು. ಮೂರು ದಿನ ನಾನು ಹುಡುಕಿದ್ದು ಏನನ್ನೂ ಅಲ್ಲ, ಹೆದರಿಕೊಂಡು ಕೂತಿದ್ದೆ. ಮೇಲೆ ಅವಳ ಗಂಟಲು ಹರಿಯುತ್ತಿತ್ತು.

“ನೀವು ಹೋಗಿಬಿಡ್ತೀರ ಅಂತ,” ಎಂದೆ. “ಅದಕ್ಕೆ ತಡೆದೆ. ತಪ್ಪಾಯ್ತು.”

ಅವಳು ಕುತ್ತಿಗೆಯ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡಳು. ಬೈದಿದ್ದರೆ ಸುಖವಾಗಿತ್ತು.

“ಬರ್ತೀನಿ ಅಂತ ಬರೆದಿರ್ಲಿಲ್ಲ,” ಎಂದಳು ಕಡೆಗೆ. “ಒಂದು ತಿಂಗಳು ಟೈಮ್ ಕೇಳಿದ್ದೆ. ಇಲ್ಲಿ ಒಬ್ಬರು ಒಂದು ಮಾತು ಹೇಳೋದಿದೆ, ಅವರು ಸ್ವಲ್ಪ ನಿಧಾನ ಅಂತ. ಅದನ್ನೂ ಹಿಡಿದು ಕೂರಿಸಿಕೊಂಡ್ರಲ್ಲ, ಮಹಾರಾಯರೇ.”

ಇನ್ನು ಹತ್ತೊಂಬತ್ತು ನಿಮಿಷ ತಡೆದಿದ್ದರೆ ಆ ತಿಂಗಳೂ ಇರುತ್ತಿರಲಿಲ್ಲ.

“ಈಗಲಾದ್ರೂ ಹೇಳ್ತೀರಾ?”

ಹೇಳಿದೆ. ಧೀರನಂತೆ, ಕಣ್ಣಲ್ಲಿ ಕಣ್ಣಿಟ್ಟು, ಪೂರ್ತಿ ಹೇಳಿದೆ ಎಂದು ಬರೆಯಲು ಕೈ ತುರಿಸುತ್ತದೆ. ನಿಜವೆಂದರೆ, ‘ನೀವೆಲ್ಲಿಗೆ ಹೋದ್ರೂ ನಾನೂ ಜೊತೇಲಿ’ ಎನ್ನುವಷ್ಟರಲ್ಲಿ ನನ್ನ ದನಿ ನಿಂತುಹೋಯಿತು. ಉಳಿದ ಅರ್ಧವನ್ನು ಆ ಹರಿದ ಗಂಟಲಿನಲ್ಲಿ ಅವಳೇ ಹೇಳಿ ಮುಗಿಸಿದಳು.