ಮೊದಲ ಹನಿ ಕಾಣದವರದು

ದೂರದ ದ್ವೀಪದಂತೆ ಸಿಂಗರಿಸಿದ ಬಾರಿನಲ್ಲಿ ಲುಸಿಂಗ್ ಲೋಟ ಒರೆಸುತ್ತಿದ್ದಳು. ಪಕ್ಕದಲ್ಲಿ ಮುದುಕ ಸಬಾಸ್ ಹೊಸ ರಮ್ ಬಾಟಲಿ ತೆರೆದು, ಮೊದಲ ಹನಿಗಳನ್ನು ಕೌಂಟರಿನ ಹಿಂದಿನ ಬಾಳೆಗಿಡದ ಕುಂಡಕ್ಕೆ ಸುರಿಯಹೋದ. ಕಾಣದವರ ಪಾಲು ಅದು. ಹಡಗು ಹತ್ತಿ ಹುಟ್ಟೂರು ಇಲೋಕೋಸ್‌ನಿಂದ ಲಾಸ್ ಏಂಜಲಿಸ್‌ಗೆ ಬಂದ ಮೇಲೂ ಅವನು ಅದನ್ನು ತಪ್ಪಿಸಿರಲಿಲ್ಲ.

ಅಂದೇ ಕೆಲಸಕ್ಕೆ ಸೇರಿದ್ದ ಬಾರಿನ ಹೊಸ ಮೇಲ್ವಿಚಾರಕ ನೆಮೆಸಿಯೊ, ಹನಿ ಬೀಳುವ ಮೊದಲೇ ಬಾಟಲಿ ಕಿತ್ತುಕೊಂಡ.

"ಏನಜ್ಜ, ಗಿಡಕ್ಕೂ ಕುಡಿಸ್ತೀಯಾ? ಆಮೇಲೆ ಅದು ತೂರಾಡಿದ್ರೆ ಮನೆಗೆ ಬಿಡೋರ್ಯಾರು?"

"ನಗಬೇಡ ತಮ್ಮ. ಅವರಿಗೆ ಕೊಡದೆ ಕುಡಿದ್ರೆ, ಅವರು ನಿನ್ನನ್ನೇ ಕುಡೀತಾರೆ."

"ಈ ಮರದ ದೇವರು ಹಿಂದಿನ ಬೀದಿ ಬಡಗಿ ಕೆತ್ತಿದ್ದು. ಮಾಡಿಂದ ಸುರಿಯೋ ಮಳೆ ನಲ್ಲೀದು. ಗಿರಾಕಿಗಳಿಗೆ ನಾವು ತಾಹಿತಿ ದ್ವೀಪದವರು! ಇಲ್ಲಿರೋದೆಲ್ಲಾ ಸುಳ್ಳು. ದೆವ್ವ ಒಂದೇ ನಿಜಾನಾ?"

"ನಾವು ಹಡಗಲ್ಲಿ ಬಂದಿದ್ದು ನಿಜ ಅಲ್ವೇನೋ? ಅವರೂ ನಮ್ಮ ಜೊತೇಲೇ ಬಂದ್ರು."

ನೆಮೆಸಿಯೊ ರಮ್ ಬಗ್ಗಿಸಿಕೊಂಡು, ಕುಂಡದತ್ತ ಲೋಟವೆತ್ತಿ ಕಣ್ಣು ಮಿಟುಕಿಸಿದ. ಒಂದೇ ಗುಟುಕಿಗೆ ಕುಡಿದ.

ಹೊರಗೆ ಸುಡುಬಿಸಿಲಿನ ಮಧ್ಯಾಹ್ನ. ಕಿಟಕಿಯಿಲ್ಲದ ಒಳಗೆ ಎಂದಿನ ಕತ್ತಲು, ಒಣಗಿಸಿದ ಉಬ್ಬುಮೀನಿನ ಚರ್ಮದಲ್ಲಿ ಮಾಡಿದ ದೀಪಗಳ ಮಂಕು ಬೆಳಕು. ರಮ್ಮಿನ ವಾಸನೆ ಒಮ್ಮೆಲೇ ಅಳಿಸಿಹೋಯಿತು. ಅದರ ಜಾಗದಲ್ಲಿ ಆಗಷ್ಟೇ ಅಗೆದ ಮಣ್ಣಿನ ವಾಸನೆ ಎದ್ದಿತು.

ನೆಮೆಸಿಯೊನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರಿನ ಲೋಟ ಎತ್ತಿದ. ಕೈಯಲ್ಲಿ ತುಂಬಿತ್ತು, ತುಟಿಗೆ ಬರುವಷ್ಟರಲ್ಲಿ ಬರಿದು. ಇನ್ನೊಂದು ಎತ್ತಿದ. ಅದೂ ಬರಿದು.

ಬಾಳೆಯ ಹಿಂದೆ ಗುಳುಕ್ ಎಂದಿತು. ಮತ್ತೆ ಗುಳುಕ್. ಒಂದು ಗಂಟಲಲ್ಲ. ಹಲವು.

"ಅಜ್ಜಾ... ಏನಿದು?"

ಸಬಾಸ್ ಇಡೀ ಬಾಟಲಿಯನ್ನೇ ಕುಂಡಕ್ಕೆ ಬಗ್ಗಿಸಿದ. ಮಣ್ಣು ಅದನ್ನು ಹೀರಲಿಲ್ಲ. ರಮ್ ಹೊರಚೆಲ್ಲಿ ನೆಲದ ಮೇಲೆ ಹರಿಯಿತು.

"ತಗೊಳ್ತಿಲ್ಲ," ಎಂದ ಪಿಸುಮಾತಿನಲ್ಲಿ. "ಲುಸಿಂಗ್, ಆ ಕಡೆ ತಿರುಗು. ಅವನು ಏನು ಕೇಳಿದ್ರೂ ಓಗೊಡಬೇಡ. ಓಗೊಟ್ಟವರೇ ಅವರ ಮುಂದಿನ ಪಾಲು."

ನೆಮೆಸಿಯೊ ನಲ್ಲಿ ತಿರುಗಿಸಿ ಮಳೆ ಬಿಟ್ಟು ಬಾಯ್ತೆರೆದು ಕೆಳಗೆ ನಿಂತ. ಮಳೆ ಸುರಿಯಿತು. ಅವನ ಎಡಕ್ಕೆ ಸುರಿಯಿತು. ಬಲಕ್ಕೆ ಸುರಿಯಿತು. ಅವನ ಮೇಲೆ ಒಂದು ಹನಿಯೂ ಬೀಳಲಿಲ್ಲ. ತುಟಿ ಬಿರಿಯಿತು. ರಕ್ತ ಬರಲಿಲ್ಲ. ಕೆನ್ನೆ ಒಳಸೇರಿತು. ಅಂಗಿ ಜೋತಿತು. ಬಾಳೆ ಎಲೆಗಳ ಕತ್ತಲು ಕೈಚಾಚಿತು.

ಲುಸಿಂಗ್ ತಿರುಗಿದಾಗ ನೆಲದ ಮೇಲೆ ಅವನ ಹೂವಿನ ಅಂಗಿಯಷ್ಟೇ ಇತ್ತು. ಒಣಗಿ ಗರಿಗರಿಯಾಗಿತ್ತು.

ಮರುದಿನ ಸಬಾಸ್ ಹೊಸ ಬಾಟಲಿ ತೆರೆದು ಮೊದಲ ಹನಿ ಸುರಿದ. ಮಣ್ಣು ತಟ್ಟನೆ ಹೀರಿತು. ಲುಸಿಂಗ್ ತುಟಿ ಕಚ್ಚಿ ಅದೇ ಲೋಟವನ್ನು ಮತ್ತೆ ಮತ್ತೆ ಒರೆಸಿದಳು.

ಬೇರುಗಳ ಕೆಳಗಿನಿಂದ ನೆಮೆಸಿಯೊನ ದನಿ, ಬಹಳ ಮೆಲ್ಲಗೆ, ಕೇಳಿತು:

"ತಂಗೀ, ಸ್ವಲ್ಪ ನೀರು ಕೊಡಮ್ಮ."