ಅಚ್ಚಿನಲ್ಲಿ ಉಳಿದವನು

"ಈ ಸೀಟು ಯಾರಿಗೆ ಮಾಡಿದ್ದು?"

ಸೈನ್ಯದ ಉಕ್ಕಿನ ಗಾಡಿಯಿಂದ ಇಳಿದವನೇ ಅವನು ಕೇಳಿದ ಮೊದಲ ಮಾತು. ನಮಸ್ಕಾರವಿಲ್ಲ, ನಗುವಿಲ್ಲ, ಮೈತುಂಬ ಧೂಳು. ವರ್ಕ್‌ಶಾಪಿನವರು ಬೆನ್ನ ಹಿಂದೆ 'ಗುಮ್ಮ' ಅನ್ನುತ್ತಿದ್ದ ಟೆಸ್ಟ್ ಡ್ರೈವರ್ ಇವನೇ. ಸೈನ್ಯದಲ್ಲಿ ಇಂಥದೇ ಗಾಡಿ ಓಡಿಸಿ, ನೆಲಬಾಂಬಿಗೆ ಸಿಕ್ಕಿ, ಹೇಗೋ ಬದುಕಿ ಬಂದವನು.

"ಸೈನಿಕರಿಗೆ," ಅಂದಳು ಸೀಟು ಮಾಡಿದ್ದ ಅವಳು.

"ಅಲ್ಲ. ಇದು ಫೇಲ್." ಅಷ್ಟು ಹೇಳಿ ಹೊರಟೇ ಹೋದ.

ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು. ಇವಳಿಗೆ ಸಿಟ್ಟೂ ಬರಲಿಲ್ಲ. ಬಹಳ ದಿನದಿಂದ ಏನೂ ಬರುತ್ತಿರಲಿಲ್ಲ...

ಮೊದಲು ಅವಳು ರೇಸ್ ಕಾರುಗಳಿಗೆ ಸೀಟು ಮಾಡುತ್ತಿದ್ದಳು. ಮದುವೆಯಾಗಬೇಕಿದ್ದ ಹುಡುಗ ಅದೇ ತಂಡದ ಡ್ರೈವರ್. ಕಾರು ಟ್ರ್ಯಾಕಿನ ಗೋಡೆಗೆ ಬಡಿದು ಅವನು ಹೋದ. ಅವಳು ಅಳಲಿಲ್ಲ. ಆ ಕೆಲಸ ಬಿಟ್ಟು, ಸೈನ್ಯಕ್ಕೆ ಗಾಡಿ ಮಾಡುವ ಈ ವರ್ಕ್‌ಶಾಪ್ ಸೇರಿದಳು. ನೆಲಬಾಂಬು ಸಿಡಿದರೂ ಒಳಗೆ ಕೂತವನ ಬೆನ್ನುಮೂಳೆ ಉಳಿಯುವಂಥ ಸೀಟು ಮಾಡಬೇಕು, ಬದುಕಿರುವುದಕ್ಕೆ ಅವಳಿಗೆ ಉಳಿದಿದ್ದ ನೆಪ ಅದೊಂದೇ.

ಇನ್ನೊಮ್ಮೆ ಫೇಲಾದರೆ ಈ ಕೆಲಸವನ್ನೇ ಕೈಬಿಡುತ್ತೇವೆ ಎಂದು ಮ್ಯಾನೇಜರ್ ಹೇಳಿಬಿಟ್ಟರು.

'ರೇಸಿನವರು ಅಂದ್ರೆ ಇವನಿಗೆ ತಾತ್ಸಾರ' ಅಂದುಕೊಂಡೇ ಅವನನ್ನು ಹುಡುಕಿಕೊಂಡು ಹೋದಳು. ಗಾಡಿಯೊಳಗೇ ಇದ್ದ. ತಪ್ಪೇನು ಎಂದು ಕೇಳಿದಳು.

"ಎಡಭುಜ ಕೆಳಗೆ ಜಾರುತ್ತೆ ಮೇಡಂ. ಸುಮಾರು ಜನರನ್ನ ಕೂರಿಸಿ ನೋಡ್ದೆ, ಎಲ್ಲರಿಗೂ ಹಂಗೇ. ಎಡಭುಜ ಇಳಿದಿರೋ ಯಾರೋ ಒಬ್ಬನಿಗೆ ಮಾತ್ರ ಇದು ಸರಿಹೋಗುತ್ತೆ. ಅವನು ಯಾರೋ ನಂಗೊತ್ತಿಲ್ಲ."

ಅವಳಿಗೆ ಗೊತ್ತಿತ್ತು.

ರೇಸಿನಲ್ಲಿ ಒಬ್ಬ ಡ್ರೈವರಿಗೆ ಒಂದು ಸೀಟು, ಅವನ ಮೈಯ ಅಚ್ಚು ತೆಗೆದೇ ಮಾಡುತ್ತಾರೆ. ಅವಳ ಹುಡುಗನ ಎಡಭುಜ ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇಲ್ಲಿ ಹೊಸದಾಗಿ ಶುರುಮಾಡಿದೆ ಅಂದುಕೊಂಡಿದ್ದ ಅವಳ ಕೈ, ರೂಢಿಯ ಮೇಲೆ ನಕ್ಷೆಯಲ್ಲಿ ಅವನ ಬೆನ್ನನ್ನೇ ಬರೆದಿತ್ತು.

ಎಲ್ಲವನ್ನೂ ಹೇಳಿದಳು, ಯಾರದೋ ಸುದ್ದಿ ಹೇಳುವ ಹಾಗೆ. ಅವನು ಸಮಾಧಾನದ ಮಾತಾಡಲಿಲ್ಲ.

"ಆ ನಕ್ಷೇನ ಅಳಿಸಬೇಡಿ. ನಿಮ್ಮ ಹತ್ರ ಇರ್ಲಿ," ಅಂದ. "ನಮಗೆ ಬೇರೆ ಮಾಡಿಕೊಡಿ. ಯಾರು ಬೇಕಾದ್ರೂ ಕೂರೋ ಥರ."

ಆಮೇಲೆ ಕುಳ್ಳರು, ಉದ್ದನೆಯವರು, ಹೊಟ್ಟೆ ಬಂದವರು ಎಲ್ಲರನ್ನೂ ಅವನೇ ಹಿಡಿದು ತಂದ, ಅವಳು ಅಳತೆ ತೆಗೆದಳು. ಹೊಸ ಸೀಟು ಪಾಸಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳು ತಲೆಯಾಡಿಸಿದಳು, ಅಷ್ಟೇ.

ಜನ ಚದುರಿದ ಮೇಲೆ ಅವನು ನೆಲ ನೋಡುತ್ತ ಹೇಳಿದ, "ನೀವಂದ್ರೆ ನಂಗಿಷ್ಟ."

"ನಂಗೇನೂ ಅನ್ಸಲ್ಲ. ಒಳಗೆಲ್ಲ ಮರಗಟ್ಟಿದೆ... ಸುಮ್ನೆ ಕಾಯಬೇಡಿ."

"ಬಾಂಬಿನ ಪೆಟ್ಟು ಬಿದ್ದು ನನ್ನ ಬಲಗಾಲೂ ಹಿಂಗೇ ಮರಗಟ್ಟಿತ್ತು. ಮೊದಲು ವಾಪಸ್ ಬಂದಿದ್ದು ನೋವೇ. ಖುಷಿಯಾಗಿ ಕಿರುಚಿದ್ದೆ."

ಅವಳು ಮೂಲೆಯಲ್ಲಿಟ್ಟಿದ್ದ ಹಳೆಯ ಸೀಟಿನ ಇಳಿದ ಎಡಭುಜವನ್ನು ಸವರಿದಳು.

"ನೋಯ್ತಿದೆ," ಅಂದಳು.

"ಎಲ್ಲಿ?"

"ಎಲ್ಲಾ ಕಡೆ..."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡು, ಜೋರಾಗಿ ಅತ್ತುಬಿಟ್ಟಳು.

"ಹೋಗ್ಬೇಡ," ಅಂದಳು ಬಿಕ್ಕುತ್ತ.

"ಹೋಗಲ್ಲ. ಅಳು."