ಬುರುಲ್ ಹೇಳದ ಕನಸು

"ಇವತ್ತು ನನ್ನ ಕನಸಲ್ಲಿ ಒಂದು ಮೇಕೆ ಬಸ್ ಓಡಿಸ್ತಾ ಇತ್ತು ಅಕ್ಕಾ," ಎಂದಳು ಬುರುಲ್.

ಜಿಪಾರ್ ಅಕ್ಕ ನಗುತ್ತ ಬರೆದುಕೊಂಡರು. ಮಕ್ಕಳ ನಿದ್ದೆಯ ಬಗ್ಗೆ ಸಂಶೋಧನೆ ಮಾಡಲು ಅವರು ರಾಜಧಾನಿ ಬಿಷ್ಕೆಕ್‌ನಿಂದ ನಾರಿನ್ ಪ್ರಾಂತ್ಯದ ಈ ಬೆಟ್ಟದ ಶಾಲೆಗೆ ಬಂದಿದ್ದರು. ಎಷ್ಟು ಹೊತ್ತು ಮಲಗಿದೆ, ಏನು ಕನಸು ಬಿತ್ತು ಎಂದು ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು.

ಹೊರಗೆ ಬಂದರೆ ಗೆಳತಿ ತಿನಾಯ್ ಕಾದಿದ್ದಳು. "ಮೊನ್ನೆ ಹಾರೋ ಕುರಿ, ನಿನ್ನೆ ಹಾಡೋ ಕೆಟಲ್, ಇವತ್ತು ಮೇಕೆ ಡ್ರೈವರ್ರಾ? ಬರೀ ಬುರುಡೆ ಬಿಡ್ತೀಯ ಕಣೇ!"

ಬುರುಡೆಯೇ. ನಿಜವಾದ ಕನಸು ಬೇರೆ ಇತ್ತು. ಮೂರು ದಿನದಿಂದ ಅದೊಂದೇ.

ಮಂಜು ತುಂಬಿದ ಹುಲ್ಲುಗಾವಲು. ಚಳಿಗಾಲದಲ್ಲಿ ತೀರಿಹೋದ ತಾತ ಬೂದು ಕುದುರೆಯ ಮೇಲೆ ಬರುತ್ತಾನೆ. ಗೊರಸಿನ ಸದ್ದೇ ಇಲ್ಲ. ತಾತನ ಕೋಟಿನಿಂದ ಒಲೆಯ ಹೊಗೆಯ ವಾಸನೆ. ಬುರುಲ್ ಪಕ್ಕದಲ್ಲಿ ನಡೆಯುತ್ತಾಳೆ, ಮಂಜಿನೊಳಗೆ, ತುಂಬಾ ದೂರ.

ಇದನ್ನು ಬರೆಸಿಬಿಟ್ಟರೆ ತಾತ ಮತ್ತೆ ಬರದೇ ಹೋದರೆ?

ಆದರೂ ಪಾಪ, ಅಕ್ಕ ಅವಳ ಸುಳ್ಳನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದರು. ಗಣಿತದ ಪೀರಿಯಡ್‌ನಲ್ಲಿ ಅವಳು ಒಂದು ಲೆಕ್ಕವನ್ನೂ ಮುಗಿಸಲಿಲ್ಲ. ಬೆಲ್ ಹೊಡೆದ ಕೂಡಲೇ ಓಡಿದಳು.

"ಅಕ್ಕಾ, ನಾನು ಹೇಳಿದ ಕನಸೆಲ್ಲ ಸುಳ್ಳು. ಒಪ್ಪಿಗೆ ಪತ್ರಕ್ಕೆ ಅಮ್ಮ ಸೈನ್ ಹಾಕಿದ್ದಾಳಲ್ಲ, ಏನಾದ್ರೂ ಹೇಳಲೇಬೇಕು ಅಂದ್ಕೊಂಡೆ."

ಜಿಪಾರ್ ಅಕ್ಕ ಪೆನ್ನು ಕೆಳಗಿಟ್ಟರು. "ಅಮ್ಮ ಒಪ್ಪಿದ್ರೂ ನೀನು ಬೇಡ ಅನ್ನಬಹುದು ಪುಟ್ಟಿ. ಆ ಪತ್ರದಲ್ಲೇ ಇದೆ, ಮೊದಲ ದಿನ ನಾನು ಅದನ್ನ ಎಲ್ಲರ ಮುಂದೆ ಗಡಗಡ ಓದಿಬಿಟ್ಟೆ. ಅರ್ಥ ಆಯ್ತಾ ಅಂತ ಕೇಳಲೇ ಇಲ್ಲ. ತಪ್ಪು ನಂದು."

"ಯಾಕೆ ಬೇಡ ಅಂತ ಹೇಳ್ಬೇಕಾ?"

"ಬೇಕಾಗಿಲ್ಲ."

"ನಮ್ಮ ಕ್ಲಾಸ್ ಮಿಸ್ ಬೈತಾರಾ?"

"ಅವರಿಗೆ ನಾನು ಹೇಳೋದೇ ಇಲ್ಲ."

ಅಕ್ಕ ಮೂರು ಕನಸುಗಳ ಮೇಲೂ ಗೀಟು ಎಳೆದರು. "ಮೇಕೆ ಮಾತ್ರ ನಂಗೆ ಬಹಳ ಹಿಡಿಸಿತ್ತು," ಎಂದರು. ಬುರುಲ್‌ಗೆ ನಗು ಬಂತು.

"ನಾಳೆಯಿಂದ ಬರದಿದ್ರೂ ಸರಿ."

ಬುರುಲ್ ಬಾಗಿಲವರೆಗೆ ಹೋಗಿ ತಿರುಗಿದಳು. "ಬರ್ತೀನಿ. ಮಲಗಿದ್ದು, ಎದ್ದಿದ್ದು ಹೇಳ್ತೀನಿ. ಕನಸು ಬೇಡ."

ಮರುದಿನ ಸಾಲು ಮುಂದಕ್ಕೇ ಹೋಗಲಿಲ್ಲ. "ಅಕ್ಕ ಒಬ್ಬೊಬ್ಬರಿಗೂ ಆ ಒಪ್ಪಿಗೆ ಪತ್ರ ಮೊದಲಿಂದ ಓದಿ ಹೇಳ್ತಿದ್ದಾರೆ, ಕಾಲು ನೋವು ಬಂತು!" ಎಂದು ತಿನಾಯ್ ಗೊಣಗಿದಳು.

ಬುರುಲ್ ಒಳಗೆ ಹೋಗಿ ಕೂತಳು. ಒಂಬತ್ತಕ್ಕೆ ಮಲಗಿದ್ದು, ಆರಕ್ಕೆ ಎದ್ದಿದ್ದು. ಅಕ್ಕ ಬರೆದುಕೊಂಡರು. ಅದರ ಕೆಳಗಿನ ಕನಸಿನ ಚೌಕ ಖಾಲಿ ಉಳಿಯಿತು. ಅವರ ಪೆನ್ನು ಅಲ್ಲಿಗೆ ಹೋಗಲೇ ಇಲ್ಲ. ಹಾಳೆಯ ಮಡಿಸಿದ ಮೂಲೆಯನ್ನು ಬೆರಳಿನಿಂದ ಸರಿಮಾಡಿ, ಉಳಿದ ಹಾಳೆಗಳ ಜೊತೆಗೇ ಇಟ್ಟರು.

ಆ ಬಿಳಿ ಚೌಕವನ್ನು ಬುರುಲ್ ಒಂದು ಗಳಿಗೆ ನೋಡಿದಳು. ಅದೂ ತಾನು ಕೊಟ್ಟ ಉತ್ತರವೇ ಅನ್ನಿಸಿತು. ನಾಲ್ಕು ದಿನದಲ್ಲಿ ಕನಸಿನ ಬಗ್ಗೆ ಮೊದಲ ನಿಜವಾದ ಉತ್ತರ.